ಪಾಲು ಇಳಿದಾಗ ಕಳೆದುಕೊಂಡವರು ಯಾರು? ಭಾರತ–ಬ್ರಿಟನ್ ತಯಾರಿಕೆಯ ಒಂದು ಕೋಷ್ಟಕವನ್ನು ಪಠ್ಯವಾಗಿ ಓದುವುದು

ನಾನು ಸೊಲ್ಲಾಪುರ ಜಿಲ್ಲೆಯವಳು, ಕನ್ನಡ ಸಾಹಿತ್ಯದ ಸ್ನಾತಕೋತ್ತರ ವಿದ್ಯಾರ್ಥಿನಿ. ಪರದೆ ಮೇಲೆ ಈಗ ಕಾಣ್ತಾ ಇರೋದು ಅರ್ಥಶಾಸ್ತ್ರದ ಒಂದು ಕೋಷ್ಟಕ. ಸಾಹಿತ್ಯದವರಿಗೆ ಇಲ್ಲೇನು ಕೆಲಸ ಅಂತ ನೀವು ಕೇಳಬಹುದು. ಆದರೆ ಈ ಕೋಷ್ಟಕ ಅರ್ಥಶಾಸ್ತ್ರದ ಮನೆ ಬಿಟ್ಟು ಹೊರಗೆ ಬಂದು ಬಹಳ ದಿನ ಆಯ್ತು. ಭಾಷಣದಲ್ಲಿ, ಪತ್ರಿಕೆಯ ಅಂಕಣದಲ್ಲಿ, ಪ್ರಬಂಧ ಸ್ಪರ್ಧೆಯಲ್ಲಿ, ವಾಟ್ಸಾಪ್‌ನಲ್ಲಿ ಅದು ಒಂದು ಕಥೆಯಾಗಿ ತಿರುಗ್ತಾ ಇದೆ. ಕಥೆ ಆದ ಮೇಲೆ ಅದನ್ನ ಕಥೆಯಂತೆ ಪರೀಕ್ಷಿಸುವ ಹಕ್ಕು ನಮಗೂ ಇದೆ ಅಂದುಕೊಂಡು ಈ ಪ್ರಬಂಧ ಮಂಡಿಸ್ತಾ ಇದ್ದೀನಿ.

1. ಎರಡು ಸಾಲಿನ ಕಥೆ

ಕೋಷ್ಟಕ ಪಾಲ್ ಬೈರೋಖ್ ಎಂಬ ಆರ್ಥಿಕ ಇತಿಹಾಸಕಾರರದು. 1982ರಲ್ಲಿ ಪ್ರಕಟವಾದ ಅವರ ಲೇಖನ 1750ರಿಂದ 1980ರವರೆಗೆ ಬೇರೆ ಬೇರೆ ದೇಶಗಳ ತಯಾರಿಕೆ ಎಷ್ಟಿತ್ತು ಎಂಬ ಅಂದಾಜು ಕೊಡುತ್ತದೆ. ಕಾರ್ಖಾನೆಯ ಮಾಲಿನ ಜೊತೆಗೆ ಕೈಕಸುಬಿನ ಮಾಲೂ ಇದರಲ್ಲಿ ಸೇರಿದೆ. ಜಗತ್ತಿನ ಒಟ್ಟು ತಯಾರಿಕೆಯಲ್ಲಿ ಭಾರತ ಮತ್ತು ಬ್ರಿಟನ್ನಿನ ಪಾಲು, ನೂರಕ್ಕೆ ಎಷ್ಟು ಅಂತ:

1750: ಭಾರತ 24.5, ಬ್ರಿಟನ್ 1.9
1800: ಭಾರತ 19.7, ಬ್ರಿಟನ್ 4.3
1830: ಭಾರತ 17.6, ಬ್ರಿಟನ್ 9.5
1860: ಭಾರತ 8.6, ಬ್ರಿಟನ್ 19.9
1880: ಭಾರತ 2.8, ಬ್ರಿಟನ್ 22.9
1900: ಭಾರತ 1.7, ಬ್ರಿಟನ್ 18.5
1913: ಭಾರತ 1.4, ಬ್ರಿಟನ್ 13.6

ಇದರಿಂದ ಹುಟ್ಟಿದ ಕಥೆ ನಿಮಗೆಲ್ಲ ಗೊತ್ತೇ ಇದೆ. ಜಗತ್ತಿನ ಕಾಲು ಭಾಗ ನಮ್ಮದಿತ್ತು. ಇಂಗ್ಲಿಷರು ಬಂದರು, ಒಂದೂವರೆಗೆ ಇಳಿಸಿಬಿಟ್ಟರು. ಹೇಳೋಕೆ ಎರಡೇ ಸಾಲು ಸಾಕು. ಕೇಳಿದವರ ಮೈ ಬಿಸಿಯಾಗುತ್ತೆ, ಅದೂ ಸಹಜ.

ಈ ಕಥೆಗೆ ಇನ್ನೊಂದು ಲೆಕ್ಕ ಬಂದು ಬೆರೆತಿದೆ. 2015ರಲ್ಲಿ ಆಕ್ಸ್‌ಫರ್ಡ್ ಯೂನಿಯನ್ ಚರ್ಚೆಯಲ್ಲಿ ಶಶಿ ತರೂರ್ ಅವರು ಬ್ರಿಟಿಷರು ಬಂದಾಗ ಜಗತ್ತಿನ ಆರ್ಥಿಕತೆಯಲ್ಲಿ ಭಾರತದ ಪಾಲು ಶೇ. 23 ಇತ್ತು, ಅವರು ಹೋಗುವಾಗ ಶೇ. 4ಕ್ಕಿಂತ ಕೆಳಗಿತ್ತು ಅಂದರು. ಆ ಮಾತು ಇಡೀ ಆರ್ಥಿಕತೆಯದು, ಅಂದರೆ ಬೇಸಾಯ, ವ್ಯಾಪಾರ ಎಲ್ಲಾ ಸೇರಿ. ಆ ಬಗೆಯ ಲೆಕ್ಕಕ್ಕೆ ಹೆಸರಾದವರು ಆಂಗಸ್ ಮ್ಯಾಡಿಸನ್. ಅವರ ಅಂದಾಜಿನಲ್ಲಿ ಭಾರತದ ಪಾಲು 1700ರಲ್ಲಿ ಶೇ. 24.4, 1950ರಲ್ಲಿ ಶೇ. 4.2. ಬೈರೋಖ್ ಅವರದು ತಯಾರಿಕೆಯ ಲೆಕ್ಕ ಮಾತ್ರ. ಎರಡೂ 24ರ ಆಸುಪಾಸು ಶುರುವಾಗೋದರಿಂದ ನಮ್ಮ ಬರಹಗಳಲ್ಲಿ ಒಂದರ ತಲೆಗೆ ಇನ್ನೊಂದರ ಬಾಲ ಅಂಟಿಕೊಂಡುಬಿಡುತ್ತೆ. ಇವತ್ತು ನಾನು ತಯಾರಿಕೆಯ ಕೋಷ್ಟಕವನ್ನ ಮಾತ್ರ ಓದುತ್ತೇನೆ.

2. ಒಂದೇ ಇಳಿತ, ಎರಡು ಕ್ರಿಯಾಪದ

ನಮ್ಮ ವ್ಯಾಕರಣದ ಪಾಠದಲ್ಲಿ ಮೊದಲು ಕೇಳೋ ಪ್ರಶ್ನೆ: ಕರ್ತೃ ಯಾರು, ಕ್ರಿಯಾಪದ ಯಾವುದು? ಅದನ್ನೇ ಇಲ್ಲಿ ಕೇಳೋಣ.

ಬ್ರಿಟನ್ನಿನ ಕೊನೆಯ ಮೂರು ಅಂಕಿ ನೋಡಿ. 22.9 ಇದ್ದದ್ದು 33 ವರ್ಷದಲ್ಲಿ 13.6ಕ್ಕೆ ಬಂತು. ಒಂಬತ್ತು ಅಂಶಗಳ ಇಳಿತ. ಭಾರತದ ಮೊದಲ ಮೂರು ಅಂಕಿ ನೋಡಿ. 24.5 ಇದ್ದದ್ದು 80 ವರ್ಷದಲ್ಲಿ 17.6ಕ್ಕೆ ಬಂತು. ಏಳು ಅಂಶಗಳ ಇಳಿತ. ಭಾರತದ್ದನ್ನ ಬರೆಯುವಾಗ ನಾವು 'ಲೂಟಿಯಾಯಿತು', 'ನಾಶವಾಯಿತು' ಅಂತ ಬರೀತೀವಿ. ಬ್ರಿಟನ್ನಿನದಕ್ಕೆ ಹಾಗೆ ಯಾರೂ ಬರೆಯಲ್ಲ. ಅಮೆರಿಕ, ಜರ್ಮನಿ ಮುಂದೆ ಬಂದವು ಅಂತ ಬರೀತಾರೆ. ಒಂದೇ ಬಗೆಯ ಅಂಕಿಗೆ ಎರಡು ಬೇರೆ ಕ್ರಿಯಾಪದಗಳು ಅಂದಮೇಲೆ, ಆ ಕ್ರಿಯಾಪದ ಅಂಕಿಯೊಳಗಿಂದ ಬಂದದ್ದಲ್ಲ, ನಾವು ತಂದು ಹಾಕಿದ್ದು.

ಪಾಲು ಅನ್ನೋದರ ಸ್ವಭಾವವೇ ಹೀಗೆ. ಊರಲ್ಲಿ ಹತ್ತು ಮಗ್ಗ ಇದ್ದು ನಮ್ಮ ಮನೇಲಿ ಎರಡಿದ್ದರೆ ನಮ್ಮ ಪಾಲು ಐದರಲ್ಲೊಂದು. ಬೇರೆಯವರು ಇನ್ನೂ ಹತ್ತು ಮಗ್ಗ ಹೂಡಿದರೆ ನಮ್ಮ ಪಾಲು ಹತ್ತರಲ್ಲೊಂದು. ನಮ್ಮ ಮಗ್ಗಗಳು ಎರಡು ಇದ್ದವು, ಎರಡೇ ಇವೆ. ಆದ್ದರಿಂದ ಪಾಲು ಇಳಿದಾಗಲೆಲ್ಲ ಕೇಳಬೇಕು: ನಮ್ಮದು ಕಮ್ಮಿಯಾಯ್ತಾ, ಇಲ್ಲಾ ಬೇರೆಯವರದು ಜಾಸ್ತಿಯಾಯ್ತಾ?

3. ಒಂದು ಸಾಲಿನೊಳಗೆ ಮೂರು ಕಾಲ

ಇದಕ್ಕೆ ಉತ್ತರ ಅದೇ ಲೇಖನದಲ್ಲಿದೆ. ಪಾಲಿನ ಕೋಷ್ಟಕದ ಜೊತೆ ಜಗತ್ತಿನ ಒಟ್ಟು ತಯಾರಿಕೆಯ ಸೂಚ್ಯಂಕವನ್ನೂ ಬೈರೋಖ್ ಕೊಟ್ಟಿದ್ದಾರೆ. 1900ರ ಬ್ರಿಟನ್ನಿನ ತಯಾರಿಕೆಯನ್ನು 100 ಅಂತ ಹಿಡಿದರೆ, ಇಡೀ ಜಗತ್ತಿನದು 1750ರಲ್ಲಿ 127, 1830ರಲ್ಲಿ 184, 1860ರಲ್ಲಿ 226, 1880ರಲ್ಲಿ 320, 1900ರಲ್ಲಿ 541, 1913ರಲ್ಲಿ 933. ಇದನ್ನ ಭಾರತದ ಪಾಲಿನಿಂದ ಗುಣಿಸಿದರೆ ಭಾರತದ ಮೊತ್ತ ಸಿಗುತ್ತೆ: 1750ರಲ್ಲಿ ಸುಮಾರು 31, 1830ರಲ್ಲಿ 32, 1860ರಲ್ಲಿ 19, 1880ರಲ್ಲಿ 9, 1900ರಲ್ಲಿ 9, 1913ರಲ್ಲಿ 13.

ಈಗ ಕಥೆ ಮೂರು ತುಂಡಾಗುತ್ತೆ.

ಮೊದಲ ಕಾಲ 1750ರಿಂದ 1830. ಪಾಲು 24.5ರಿಂದ 17.6ಕ್ಕೆ ಇಳಿಯಿತು, ಮೊತ್ತ ಮಾತ್ರ ಹೆಚ್ಚುಕಮ್ಮಿ ಅಷ್ಟೇ ಉಳಿಯಿತು. ಈ ಎಂಬತ್ತು ವರ್ಷದ ಇಳಿತ ಬ್ರಿಟನ್ ಮತ್ತಿತರ ದೇಶಗಳು ಬೆಳೆದದ್ದರ ನೆರಳು.

ಎರಡನೇ ಕಾಲ 1830ರಿಂದ 1880. ಪಾಲೂ ಇಳಿಯಿತು, ಮೊತ್ತವೂ ಇಳಿಯಿತು. 32 ಇದ್ದದ್ದು 9. ಮೂರನೇ ಒಂದು ಭಾಗಕ್ಕೂ ಕಮ್ಮಿ. ನಿಜವಾದ ಕುಸಿತ ಅಂತ ಈ ಕೋಷ್ಟಕ ತೋರಿಸೋದು ಈ ಐವತ್ತು ವರ್ಷ.

ಮೂರನೇ ಕಾಲ 1900ರಿಂದ 1913. ಪಾಲು 1.7ರಿಂದ 1.4ಕ್ಕೆ ಇಳಿಯಿತು, ಮೊತ್ತ 9ರಿಂದ 13ಕ್ಕೆ ಏರಿತು. ಮುಂಬೈ, ಅಹಮದಾಬಾದ್, ಸೊಲ್ಲಾಪುರದ ಗಿರಣಿಗಳ ಕಾಲ ಇದು. ಭಾಷಣಗಳಲ್ಲಿ ಅವನತಿಯ ತಳ ಅಂತ ಹೇಳೋ ಈ ವರ್ಷಗಳಲ್ಲಿ ಭಾರತದ ತಯಾರಿಕೆ ಬೆಳೀತಾ ಇತ್ತು.

ಇನ್ನೊಂದು ಕೋಷ್ಟಕ ತಲಾ ತಯಾರಿಕೆಯದು. ಅಲ್ಲಿ 1900ರ ಬ್ರಿಟನ್ನಿನ ತಲಾ ಮಟ್ಟವನ್ನು 100 ಅಂತ ಇಟ್ಟುಕೊಂಡಿದ್ದಾರೆ. 1750ರಲ್ಲಿ ಬ್ರಿಟನ್ 10, ಭಾರತ 7. ಪಾಲಿನಲ್ಲಿ ನಾವು ಅವರ ಹನ್ನೆರಡು ಪಟ್ಟಿಗೂ ಮೇಲಿದ್ದೆವು. ತಲೆಗೆ ಹಂಚಿದರೆ ಸ್ವಲ್ಪ ಕೆಳಗೇ ಇದ್ದೆವು. ಆ ಕಾಲು ಭಾಗದಲ್ಲಿ ನಮ್ಮ ಜನಸಂಖ್ಯೆಯ ತೂಕ ದೊಡ್ಡದು. 1900ಕ್ಕೆ ಬಂದರೆ ಬ್ರಿಟನ್ 100, ಭಾರತ 1. ಎರಡು ದೇಶಗಳ ನಡುವಿನ ಅಂತರವನ್ನ ಹೇಳೋಕೆ ಪಾಲಿಗಿಂತ ಈ ಜೋಡಿ ಅಂಕಿ ಹೆಚ್ಚು ಪ್ರಾಮಾಣಿಕ ಅಂತ ನನಗನಿಸುತ್ತೆ. 7ರಿಂದ 1ಕ್ಕೆ ಬಂದದ್ದು ಯಾವ ಹೋಲಿಕೆಯ ಆಟವೂ ಅಲ್ಲ. ಒಬ್ಬೊಬ್ಬರ ಲೆಕ್ಕಕ್ಕೆ ಬರೋ ಮಾಲೇ ಕಮ್ಮಿಯಾಯ್ತು.

ಇವೆಲ್ಲ ಅಂದಾಜುಗಳು ಅನ್ನೋದನ್ನೂ ಜೊತೆಗೇ ಹೇಳಬೇಕು. 1750ರಲ್ಲಿ ಭಾರತದ ಮಗ್ಗಗಳನ್ನ ಯಾರೂ ಎಣಿಸಿರಲಿಲ್ಲ. ತಲಾ ಮಟ್ಟವನ್ನು ಊಹಿಸಿ ಜನಸಂಖ್ಯೆಯಿಂದ ಗುಣಿಸಿ ಬಂದ ಅಂಕಿಗೆ ದಶಾಂಶ ಬಿಂದು ಇದೆ ಅಂದಮಾತ್ರಕ್ಕೆ ಅದು ತಕ್ಕಡಿಯಲ್ಲಿ ತೂಗಿದ್ದಲ್ಲ. ಹದಿನೆಂಟನೇ ಶತಮಾನದ ದಕ್ಷಿಣ ಭಾರತದ ನೇಕಾರರ ನಿಜಕೂಲಿ ಬ್ರಿಟನ್ನಿನವರಿಗೆ ಸರಿಸಮವಾಗಿತ್ತು ಅಂತ ಪ್ರಸನ್ನನ್ ಪಾರ್ಥಸಾರಥಿ 1998ರಲ್ಲಿ ವಾದಿಸಿದರು. ಅದನ್ನ ಒಪ್ಪಿದರೆ 10–7ರ ಜೋಡಿಯೂ ಅಲುಗಾಡುತ್ತೆ. ಆದರೂ ಮೂರು ಕಾಲದ ವಿಂಗಡಣೆ ಬೇಕೇ ಬೇಕು. ಪಾಲು, ಮೊತ್ತ, ತಲಾ ಈ ಮೂರನ್ನು ಬೇರೆ ಬೇರೆ ಇಟ್ಟು ನೋಡದೆ ಎರಡು ದೇಶಗಳ ತಯಾರಿಕೆಯನ್ನು ಕಾಲಕಾಲಕ್ಕೆ ಹೋಲಿಸೋಕೆ ಆಗೋದಿಲ್ಲ.

4. ಸಾಲಿನಲ್ಲಿ ಇಲ್ಲದವಳು

ಹಾಗಾದರೆ ಆ ಎರಡನೇ ಕಾಲದಲ್ಲಿ ಕಳೆದುಕೊಂಡವರು ಯಾರು? ನಮ್ಮ ಕಥೆಯ ಉತ್ತರ ಸಿದ್ಧವಾಗಿದೆ: ನೇಕಾರ. ಚಿತ್ರದಲ್ಲಿ, ಕವಿತೆಯಲ್ಲಿ, ನಾಟಕದಲ್ಲಿ ಮಗ್ಗದ ಮುಂದೆ ತಲೆಗೆ ಕೈ ಹೊತ್ತು ಕೂತಿರೋನು ಅವನೇ.

ಬಟ್ಟೆಯ ಕೆಲಸವನ್ನ ಬಿಡಿಸಿ ನೋಡೋಣ. ಹತ್ತಿ ನೂಲಾಗಬೇಕು, ನೂಲು ಬಟ್ಟೆಯಾಗಬೇಕು. ನೂಲೋದು ಬಹುಪಾಲು ಹೆಂಗಸರ ಕೆಲಸ. 1800–01ರಲ್ಲಿ ಮದರಾಸಿನಿಂದ ಮೈಸೂರು, ಕನ್ನಡ ಜಿಲ್ಲೆ, ಮಲಬಾರಿನವರೆಗೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ವಾರದ ಸಂತೆಯಲ್ಲಿ ಹೆಂಗಸರು ಹತ್ತಿ ಕೊಂಡು ಮನೆಯಲ್ಲಿ ನೂತು ನೂಲನ್ನು ನೇಕಾರರಿಗೆ ಮಾರುತ್ತಿದ್ದದ್ದನ್ನು ಬೆಂಗಳೂರಿನ ಭಾಗದಲ್ಲಿ ಬರೆದಿದ್ದಾನೆ. ಅಂದರೆ ಇದು ಮನೆಯ ಬಿಡುವಿನ ಕಾಲಕ್ಷೇಪ ಆಗಿರಲಿಲ್ಲ, ದುಡ್ಡು ಬರೋ ಕಸುಬಾಗಿತ್ತು.

ಇಂಗ್ಲೆಂಡಿನ ಯಂತ್ರ ಮೊದಲು ಹೊಡೆದದ್ದು ಈ ಕಸುಬನ್ನ. ನೂರು ಪೌಂಡು ಹತ್ತಿಯನ್ನು ನೂಲೋದಕ್ಕೆ ಭಾರತದ ಕೈನೂಲಿನವರಿಗೆ 50,000 ತಾಸಿಗೂ ಹೆಚ್ಚು ಬೇಕಿತ್ತು. 1780ರ ಕ್ರಾಂಪ್ಟನ್ ಯಂತ್ರಕ್ಕೆ 2,000 ತಾಸು. 1825ರ ರಾಬರ್ಟ್ಸ್ ಯಂತ್ರಕ್ಕೆ 135 ತಾಸು ಅಂತ ಎಸ್. ಡಿ. ಚಾಪ್‌ಮನ್ ಲೆಕ್ಕ ಕೊಡುತ್ತಾರೆ. ಇಂಗ್ಲೆಂಡಿನಲ್ಲಿ 40ನೇ ನಂಬರಿನ ನೂಲಿನ ಬೆಲೆ ಪೌಂಡಿಗೆ 1779ರಲ್ಲಿ 16 ಶಿಲಿಂಗ್ ಇದ್ದದ್ದು 1812ಕ್ಕೆ ಎರಡೂವರೆ ಶಿಲಿಂಗ್ ಆಗಿತ್ತು. ಈ ಬೆಲೆಯ ಮುಂದೆ ಕೈ ಎಷ್ಟು ಚುರುಕಾದರೂ ನಿಲ್ಲೋದಿಲ್ಲ.

ನೇಕಾರನ ಪಾಡು ಬೇರೆ. ಅಗ್ಗದ ವಿಲಾಯತಿ ಬಟ್ಟೆ ಅವನನ್ನೂ ಹೊಡೆಯಿತು, ಆದರೆ ಅಗ್ಗದ ನೂಲು ಅವನ ಮಗ್ಗಕ್ಕೆ ಕೂಳೂ ಹಾಕಿತು. ಸೀರೆಯ ಅಂಚು, ಸೆರಗು, ಒರಟು ಬಟ್ಟೆ ಇಂಥಲ್ಲಿ ಗಿರಣಿಗೆ ಕೈ ಹಾಕೋದು ಕಷ್ಟವಿತ್ತು. ಕೈಮಗ್ಗ ಉಳಿಯಿತು. ಇಪ್ಪತ್ತನೇ ಶತಮಾನದ ಮೊದಲ ಮೂರು ದಶಕಗಳಲ್ಲಿ ಕೈಮಗ್ಗದ ಬಟ್ಟೆಯ ಉತ್ಪಾದನೆ ಏರಿತು ಅಂತ ತೀರ್ಥಂಕರ ರಾಯ್ ಮುಂತಾದವರು ತೋರಿಸಿದ್ದಾರೆ. ಕೈನೂಲು ಆ ಹೊತ್ತಿಗೆ ಬಹುತೇಕ ಹೋಗಿಬಿಟ್ಟಿತ್ತು. ಗಾಂಧೀಜಿ ರಾಟೆಯನ್ನ ಹುಡುಕಿಸಬೇಕಾಗಿ ಬಂದದ್ದೇ ಅದಕ್ಕೆ ಸಾಕ್ಷಿ.

ಇತಿಹಾಸಕಾರರ ಜಗಳದಲ್ಲೂ ಇವಳೇ ಸಿಕ್ಕು. 1963ರಲ್ಲಿ ಮಾರಿಸ್ ಡಿ. ಮಾರಿಸ್ ಕೈಗಾರಿಕೆ ಕುಸಿಯಿತು ಅನ್ನೋ ಮಾತನ್ನೇ ಪ್ರಶ್ನಿಸಿದರು. 1968ರಲ್ಲಿ ಬಿಪನ್ ಚಂದ್ರ, ತಪನ್ ರಾಯಚೌಧುರಿ, ತೋರು ಮಾತ್ಸುಯಿ ಅದಕ್ಕೆ ಉತ್ತರ ಕೊಟ್ಟರು. 1976ರಲ್ಲಿ ಅಮಿಯ ಕುಮಾರ್ ಬಾಗ್ಚಿ ಬುಕಾನನ್‌ನ ಬಿಹಾರ ಸಮೀಕ್ಷೆಯನ್ನು 1901ರ ಜನಗಣತಿಯ ಪಕ್ಕ ಇಟ್ಟು, ಕೈಗಾರಿಕೆಯನ್ನು ನೆಚ್ಚಿದ ಜನ ಶೇ. 18.6ರಿಂದ ಶೇ. 8.5ಕ್ಕೆ ಇಳಿದರು ಅಂದರು. 1979ರಲ್ಲಿ ಮಾರಿಕಾ ವಿಕ್ಜಿಯಾನಿ ಆ ಲೆಕ್ಕದ ವಿಧಾನವನ್ನೇ ಪ್ರಶ್ನಿಸಿದರು. ಈ ಲೆಕ್ಕದಲ್ಲಿ ಮುಖ್ಯ ತೊಡಕು ನೂಲೋ ಹೆಂಗಸರದು. ಅವರನ್ನ ಪೂರ್ತಿ ಕೆಲಸಗಾರರು ಅನ್ನಬೇಕಾ, ಅರ್ಧ ಅನ್ನಬೇಕಾ, ಬಿಟ್ಟೇಬಿಡಬೇಕಾ? ಅವಳನ್ನ ಎಣಿಸಿದರೆ ಕುಸಿತ ದೊಡ್ಡದು, ಎಣಿಸದಿದ್ದರೆ ಸಣ್ಣದು. ಒಂದು ದೇಶದ ಇತಿಹಾಸ ಏರಿತೋ ಇಳಿಯಿತೋ ಅನ್ನೋದು ಅವಳ ಕೆಲಸವನ್ನ ಕೆಲಸ ಅಂತ ಕರೀತೀವಾ ಇಲ್ಲವಾ ಅನ್ನೋದರ ಮೇಲೆ ನಿಂತಿದೆ.

ಅವಳ ದನಿ ಎಲ್ಲೂ ಇಲ್ಲವೇ? ಇದೆ. 1828ರಲ್ಲಿ 'ಸಮಾಚಾರ ದರ್ಪಣ' ಎಂಬ ಬಂಗಾಳಿ ಪತ್ರಿಕೆಯಲ್ಲಿ ಶಾಂತಿಪುರದ ಒಬ್ಬ ನೂಲಿನವಳ ಪತ್ರ ಅಚ್ಚಾಯಿತು. ಚಿಕ್ಕ ವಯಸ್ಸಿಗೆ ಗಂಡ ಸತ್ತವಳು, ಮೂರು ಹೆಣ್ಣುಮಕ್ಕಳ ತಾಯಿ. ನೂತು ನೂತು ಸಂಸಾರ ನಡೆಸಿದಳು, ಮಾವನ ಶ್ರಾದ್ಧ ಮಾಡಿದಳು, ಮಕ್ಕಳ ಮದುವೆ ಮಾಡಿದಳು. ನೇಕಾರರು ಮನೆ ಬಾಗಿಲಿಗೆ ಬಂದು ನೂಲು ಒಯ್ಯುತ್ತಿದ್ದರು. ಈಗ ಬರೋದಿಲ್ಲ, ವಿಲಾಯತಿ ನೂಲು ಬಂದಿದೆ. ಮುಂದೆ ಅವಳು ಹೇಳೋ ಮಾತಿನ ಸಾರ ಇದು: ಅಲ್ಲಿನ ಹೆಂಗಸರೆಲ್ಲ ಸಿರಿವಂತರು ಅಂದುಕೊಂಡಿದ್ದೆ, ಇಷ್ಟು ಅಗ್ಗಕ್ಕೆ ನೂಲು ಕಳಿಸಬೇಕಾದರೆ ನನಗಿಂತ ಬಡವರೇ ಇರಬೇಕು.

ಇದೂ ಎರಡು ದೇಶಗಳ ತಯಾರಿಕೆಯ ಹೋಲಿಕೆಯೇ. ಅವಳಿಗೆ ಯಂತ್ರ ಗೊತ್ತಿಲ್ಲ, ಆದ್ದರಿಂದ ಅವಳ ತೀರ್ಮಾನ ಅರ್ಧ ತಪ್ಪು. ಆದರೆ ಅವಳು ಹೋಲಿಸಿದ ರೀತಿ ನೋಡಿ. ಬೆಲೆಯ ಹಿಂದೆ ಒಂದು ಕೈ ಇದೆ, ಆ ಕೈಯವಳಿಗೆ ಒಂದು ಹೊಟ್ಟೆ ಇದೆ ಅಂತ ಊಹಿಸಿದಳು. ಕೋಷ್ಟಕದಲ್ಲಿ ಭಾರತ, ಬ್ರಿಟನ್ ಅಂತ ಎರಡು ಹೆಸರಿವೆ. ಅವಳ ಪತ್ರದಲ್ಲಿ ಇಬ್ಬರು ಹೆಂಗಸರಿದ್ದಾರೆ. ಇಂಗ್ಲೆಂಡಿನಲ್ಲೂ ಮನೆಯಲ್ಲಿ ಕೂತು ನೂಲ್ತಿದ್ದ ಹೆಂಗಸರ ಕಸುಬನ್ನ ಇದೇ ಯಂತ್ರ ತಿಂದಿತ್ತು. ಬ್ರಿಟನ್ನಿನ ಏರಿಕೆಯ ಸಾಲಿನಲ್ಲಿ ಅವರೂ ಕಾಣಲ್ಲ.

ಕನ್ನಡದವರಿಗೆ ಇಲ್ಲೊಂದು ಹೆಸರು ನೆನಪಾಗಬೇಕು: ಕದಿರ ರೆಮ್ಮವ್ವೆ. ಜೇಡರ ದಾಸಿಮಯ್ಯನ ಮಗ್ಗದ ಬಗ್ಗೆ ನಾವು ಪುಟಗಟ್ಟಲೆ ಬರೆದಿದ್ದೀವಿ. ಹೆಸರಲ್ಲೇ ಕದಿರು ಹೊತ್ತ ರೆಮ್ಮವ್ವೆ ತನ್ನ ರಾಟೆಯ ಒಂದೊಂದು ಭಾಗವನ್ನೂ ಹೆಸರು ಹಿಡಿದು ಹೇಳುವ ವಚನ ಬಿಟ್ಟುಹೋಗಿದ್ದಾಳೆ. ಅದನ್ನ ತರಗತಿಯಲ್ಲಿ ರೂಪಕ ಅಂತ ಓದಿ ಮುಗಿಸ್ತೀವಿ. ರೂಪಕಕ್ಕೆ ಮೊದಲು ಅದು ಒಬ್ಬ ಕಸುಬುದಾರಳ ಸಲಕರಣೆಯ ತಿಳಿವಳಿಕೆ. ನೂಲೋದನ್ನ ಅರೆಗೆಲಸ ಅಂತ ಎಣಿಕೆಯಿಂದ ಬಿಡುವ ಅರ್ಥಶಾಸ್ತ್ರಕ್ಕೂ, ಬರೀ ರೂಪಕ ಅಂತ ದಾಟಿಹೋಗುವ ನಮ್ಮ ವಿಮರ್ಶೆಗೂ ಇಲ್ಲಿ ಬಹಳ ದೂರ ಇಲ್ಲ.

5. ಸೊಲ್ಲಾಪುರದಿಂದ ನೋಡಿದರೆ

'ಭಾರತ' ಅನ್ನೋ ಸಾಲಿನ ಬಗ್ಗೆ ಒಂದು ಮಾತು. ಬೈರೋಖ್ ಅವರ ಸಾಲು ಇಂದಿನ ಭಾರತದ್ದಲ್ಲ, ಅವಿಭಜಿತ ಉಪಖಂಡದ್ದು. ಢಾಕಾದ ಮಸ್ಲಿನ್ ಅದರಲ್ಲಿದೆ, ಬಿಹಾರ ಇದೆ, ಸೊಲ್ಲಾಪುರವೂ ಇದೆ. ಮೂರೂ ಊರಿನ ಹಣೆಬರಹ ಒಂದೇ ಆಗಿರಲಿಲ್ಲ.

ಸಿದ್ಧರಾಮನ ಸೊನ್ನಲಿಗೆಯಲ್ಲಿ ಮೊದಲ ಗಿರಣಿ ಶುರುವಾದದ್ದು 1877ರಲ್ಲಿ, ಮೊರಾರ್ಜಿ ಗೋಕುಲದಾಸ್ ಕಟ್ಟಿದ್ದು. ನಮ್ಮ ಕಡೆ ಮಂದಿ ಈಗಲೂ 'ಜೂನಿ ಮಿಲ್' ಅಂತಾರ. ಕೋಷ್ಟಕದಲ್ಲಿ ಭಾರತದ ಮೊತ್ತ ತಳಕ್ಕೆ ಮುಟ್ಟಿರೋದೂ ಅದೇ ಹೊತ್ತಿಗೆ. ಬರಗಾಲಕ್ಕೂ ಬಡತನಕ್ಕೂ ಸಿಕ್ಕ ಜನ ಸುತ್ತಲಿನ ಹಳ್ಳಿಗಳಿಂದ ಬಂದರು. ತೆಲಂಗಾಣದಿಂದ ಪದ್ಮಶಾಲಿ ನೇಕಾರರು ಬಂದರು. ಗಿರಣಿಯ ಪಕ್ಕದಲ್ಲೇ ಕೈಮಗ್ಗಗಳೂ ಬೆಳೆದವು, ಗಿರಣಿಯ ನೂಲಿನಿಂದಲೇ ಸೀರೆ ನೇಯ್ದವು. ಕನ್ನಡ, ಮರಾಠಿ, ತೆಲುಗು, ದಖನಿ ಉರ್ದು ಒಂದೇ ಓಣಿಯಲ್ಲಿ ಕೇಳುವ ಇವತ್ತಿನ ಊರು ಹುಟ್ಟಿದ್ದು ಹೀಗೆ. ಆದರೆ ಆ ಹಳ್ಳಿಗಳ ರಾಟೆ ಅಟ್ಟ ಸೇರಿದ್ದೂ ಇದೇ ಗಿರಣಿಯ ಕಾಲದಲ್ಲಿ. ಒಂದು ಊರಿನ ಏರಿಕೆಯೊಳಗೇ ಒಂದು ಇಳಿಕೆ ಇತ್ತು.

ಗಡಿಯವರಾದ ನಮಗೆ ಸಾಲುಗಳ ಈ ಕಷ್ಟ ಹೊಸದಲ್ಲ. 1956ರ ಪುನರ್ವಿಂಗಡಣೆಯಲ್ಲಿ ಸೊಲ್ಲಾಪುರ ಮುಂಬೈ ರಾಜ್ಯದ ಸಾಲಿನಲ್ಲಿ ಉಳಿಯಿತು, 1960ರಿಂದ ಮಹಾರಾಷ್ಟ್ರದ ಸಾಲು. ಇಲ್ಲಿನ ಚಾದರದ ಲೆಕ್ಕ ಅಲ್ಲಿಗೆ ಹೋಗುತ್ತೆ, ಅದನ್ನ ನೇಯ್ದವರ ಮಾತು ಯಾವ ಸಾಲಿಗೂ ಸರಿಯಾಗಿ ಕೂರೋದಿಲ್ಲ. ದೊಡ್ಡ ಹೆಸರಿನ ಕೆಳಗೆ ಎಣಿಸುವಾಗ ಒಳಗಿನವರು ಹೇಗೆ ಮಾಯವಾಗ್ತಾರೆ ಅನ್ನೋದನ್ನ ಬಲ್ಲವರು ನಾವು. ದೇಶ-ದೇಶದ ಹೋಲಿಕೆ ಓದುವಾಗಲೂ ಆ ಅನುಭವ ಕೈಬಿಡಬಾರದು ಅನ್ನೋದು ನನ್ನ ವಿನಂತಿ.

6. ಚಾಟ್‌ನಲ್ಲಿ ಬಂದ ಪ್ರಶ್ನೆ

ಒಬ್ಬರು ಕೇಳಿದ್ದಾರೆ: ಪಾಲಿನ ಕಥೆಯನ್ನ ಹೀಗೆ ಬಿಡಿಸಿಬಿಟ್ಟರೆ ವಸಾಹತುಶಾಹಿಗೆ ಕ್ಷಮೆ ಕೊಟ್ಟ ಹಾಗೆ ಆಗಲ್ವಾ?

ಒಳ್ಳೆ ಪ್ರಶ್ನೆ. ನನ್ನ ಉತ್ತರ, ಇಲ್ಲ. ದಬ್ಬಾಳಿಕೆಗೆ ನೇರ ಸಾಕ್ಷಿ ಬೇರೆ ಇವೆ, ಅವು ಪಾಲಿಗಿಂತ ಗಟ್ಟಿ. ಭಾರತದ ಬಣ್ಣದ ಬಟ್ಟೆಯನ್ನ ತಡೆಯೋಕೆ ಬ್ರಿಟನ್ 1700ರಲ್ಲಿ, ಮತ್ತೆ 1721ರಲ್ಲಿ ಕಾನೂನು ಮಾಡಿತು. ಭಾರತದಲ್ಲಿ ಗಿರಣಿಗಳು ತಲೆ ಎತ್ತುವ ಹೊತ್ತಿಗೆ, 1882ರಲ್ಲಿ, ಆಮದು ಬಟ್ಟೆಯ ಸುಂಕ ತೆಗೆಯಲಾಯಿತು. 1896ರಲ್ಲಿ ಆಮದು ಬಟ್ಟೆಗೆ ಶೇ. 3.5 ಸುಂಕ ಹಾಕಿದಾಗ ಭಾರತದ ಗಿರಣಿ ಬಟ್ಟೆಗೂ ಅಷ್ಟೇ ಅಬಕಾರಿ ಸುಂಕ ಹಾಕಿದರು. ತಮ್ಮ ಮನೆಗೆ ಬೇಲಿ, ನಮ್ಮ ಮನೆಗೆ ಬಾಗಿಲೇ ಇಲ್ಲ. 1902 ಮತ್ತು 1904ರಲ್ಲಿ ಬಂದ ರಮೇಶಚಂದ್ರ ದತ್ತರ ಆರ್ಥಿಕ ಇತಿಹಾಸದ ಸಂಪುಟಗಳ ಬಲ ಇಂಥ ಸರ್ಕಾರಿ ದಾಖಲೆಗಳಲ್ಲೇ ಇದೆ. ಪಾಲಿನ ಕೋಷ್ಟಕ ಅವರ ಕೈಯಲ್ಲಿ ಇರಲೂ ಇಲ್ಲ.

ದುರ್ಬಲ ಸಾಕ್ಷಿಯನ್ನ ಜೋರಾಗಿ ಹೇಳಿದರೆ ಆಗೋ ನಷ್ಟ ನಮ್ಮದೇ. '1750ರ ಪಾಲು ಬರೀ ಜನಸಂಖ್ಯೆ, 1913ರಲ್ಲಿ ನೀವು ಬೆಳೀತಾ ಇದ್ರಿ' ಅಂತ ಎದುರಿನವರು ಒಂದೇ ಮಾತಲ್ಲಿ ಅದನ್ನ ಮುರೀತಾರೆ. ಅದರ ಜೊತೆಗೆ 1830–80ರ ನಿಜವಾದ ನಷ್ಟವೂ, ಆ ನೂಲಿನವಳೂ ಚರ್ಚೆಯಿಂದ ಹೊರಗೆ ಬೀಳ್ತಾರೆ. ನಷ್ಟವನ್ನ ಸರಿಯಾದ ವರ್ಷದಲ್ಲಿ, ಸರಿಯಾದ ಕಸುಬಿನಲ್ಲಿ, ಸರಿಯಾದ ಮನೆಯಲ್ಲಿ ತೋರಿಸಿದರೆ ಅದನ್ನ ಅಲ್ಲಗಳೆಯೋದು ಕಷ್ಟ.

ನಮ್ಮ ನಮ್ಮ ಊರುಗಳಲ್ಲಿ ನೂಲಿನ ಹಾಡು, ಗಾದೆ, ಒಗಟು, ರಾಟೆಯ ಭಾಗಗಳ ಹೆಸರು ಇನ್ನೂ ಹಿರಿಯರ ಬಾಯಲ್ಲಿ ಉಳಿದಿದ್ದರೆ ಅವನ್ನ ಬರೆದಿಡೋಣ. ಅಂಕಿಯವರ ಹತ್ತಿರ ಇಲ್ಲದ ದಾಖಲೆ ಅದು, ನಾವು ಮಾಡಬಹುದಾದ ಕೆಲಸವೂ ಹೌದು. ಸಮಯ ಮೀರಿದೆ, ಇಲ್ಲಿಗೆ ನಿಲ್ಲಿಸ್ತೀನಿ.